ಎರಡು ಪೌಂಡಿನ ಹಿತ್ತಾಳೆ ಗುಂಡು

ಫೆಬ್ರವರಿ 3, ಸೋಮವಾರ

ಹಲ್ಲಿನ ಡಾಕ್ಟರು ಬಾಣಗಳನ್ನು ವಾಪಸು ತಂದರು. ಹನ್ನೆರಡಕ್ಕೆ ಹನ್ನೆರಡೂ. ಹಲ್ಲು ಕೀಳುವ ಮುಂಚೆ ಆಡುವ ಆ ನಯವಾದ ದನಿಯಲ್ಲೇ, "ಬೇಜಾರು ಮಾಡ್ಕೋಬೇಡಿ, ಎಲ್ಲಾ ಬಲಗಡೆಗೆ ಹೋಗ್ತಿವೆ. ಗೇಣಲ್ಲ, ಮೊಳ," ಎಂದರು. ನಾನೇ ಮಾಡಿಕೊಟ್ಟ ಹಳೆಯ ಬಾಣಗಳಲ್ಲಿ ಮೂರು ಉಳಿದಿವೆಯಂತೆ. ಅವು ಇವತ್ತಿಗೂ ನಡುವಿಗೇ ಹೋಗುತ್ತವಂತೆ.

ಬಾಣ ಬಲಕ್ಕೆ ಹೋಯಿತೆಂದರೆ ಕಡ್ಡಿ ಮೆದುವಾಯಿತು ಎಂದರ್ಥ. ಮರದ ಬಿಲ್ಲಿನಲ್ಲಿ ಹಿಡಿಯೇ ಬಾಣದ ದಾರಿಗೆ ಅಡ್ಡ. ಬಿಟ್ಟ ಬಾಣ ಬಳುಕಿ ಆ ಹಿಡಿಯನ್ನು ಬಳಸಿಕೊಂಡು ಹೋಗಿ ಆಮೇಲೆ ನೆಟ್ಟಗಾಗಬೇಕು. ಕಡ್ಡಿ ಬಿಗಿಯಾದರೆ ಬಳುಕದೆ ಎಡಕ್ಕೆ ಸಿಡಿಯುತ್ತದೆ, ಮೆದುವಾದರೆ ಅತಿಯಾಗಿ ಬಳುಕಿ ಬಲಕ್ಕೆ ಜಾರುತ್ತದೆ. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ನಾನು ಒಪ್ಪಿಸಿಕೊಂಡು ಬಂದ ಪಾಠವನ್ನು ಇವತ್ತು ಗಿರಾಕಿ ನನಗೆ ಒಪ್ಪಿಸಿದರು.

"ನಿಮ್ಮ ಬೆರಳು ಹೆದೆಯಿಂದ ಸರಿಯಾಗಿ ಬಿಡ್ತಿದೆ ತಾನೇ?" ಎಂದು ಕೇಳಿದೆ.

"ಅದೇ ಬೆರಳಲ್ಲಿ ಬೆಳಗ್ಗೆ ನಾಲ್ಕು ಹಲ್ಲು ಕಿತ್ತೆ. ಯಾರೂ ದೂರು ಹೇಳ್ಲಿಲ್ಲ."

"ಬಾಯಿ ತುಂಬ ಹತ್ತಿ ತುರುಕಿದ್ರೆ ಯಾರು ಹೇಳ್ತಾರೆ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಅಣ್ಣ ಒಳಗಿಂದ ಬಂದು, "ಬಿಟ್ಟು ಹೋಗಿ ಡಾಕ್ಟ್ರೇ, ನಾನು ನೋಡ್ತೀನಿ," ಎಂದು ಕಟ್ಟನ್ನು ಕೈಗೆ ತೆಗೆದುಕೊಂಡ. ನಾನು ಸಿಕ್ಕಿಬಿದ್ದಾಗಲೆಲ್ಲ ಅವನು ಹೀಗೆ ಅಡ್ಡ ನಿಲ್ಲುತ್ತಾನೆ. ಚಿಕ್ಕಂದಿನಿಂದಲೂ ಅಷ್ಟೆ.

ಫೆಬ್ರವರಿ 5, ಬುಧವಾರ

ಹನ್ನೆರಡು ಬಾಣವನ್ನೂ ಮತ್ತೆ ಸ್ಟ್ಯಾಂಡಿನ ಮೇಲಿಟ್ಟು ನೋಡಿದೆ. ಅಪ್ಪ ಮಾಡಿದ ಸ್ಟ್ಯಾಂಡು ಇದು. ಇಪ್ಪತ್ತಾರು ಇಂಚು ದೂರದಲ್ಲಿ ಎರಡು ಗೂಟ, ಮೇಲೆ ಕಡ್ಡಿ, ಕಡ್ಡಿಯ ನಡುವಿಗೆ ನೇತುಹಾಕಲು ಎರಡು ಪೌಂಡಿನ ಹಿತ್ತಾಳೆ ಗುಂಡು. ಕಡ್ಡಿ ಎಷ್ಟು ಬಾಗಿತು ಎಂಬುದನ್ನು ಮುಳ್ಳು ತೋರಿಸುತ್ತದೆ, ಕಡಿಮೆ ಬಾಗಿದಷ್ಟೂ ಅಂಕಿ ದೊಡ್ಡದು. ನಲವತ್ತೈದು ಪೌಂಡು ಎಳೆತದ ಬಿಲ್ಲಿಗೆ ಮುಳ್ಳು ನಲವತ್ತೈದರಲ್ಲಿ ನಿಲ್ಲಬೇಕು. ನಿಂತಿತು. ಹನ್ನೆರಡೂ ಸಲ, ಅಕ್ಕಪಕ್ಕಕ್ಕೆ ಒಂದು ಕೂದಲೆಳೆಯೂ ಸರಿಯದೆ.

ಡಾಕ್ಟರ ಹಳೆಯ ಮೂರರಲ್ಲಿ ಒಂದನ್ನು ತರಿಸಿಕೊಂಡು ಅದನ್ನೂ ಇಟ್ಟೆ. ಮುಳ್ಳು ಐವತ್ತು ಎಂದಿತು. ನಲವತ್ತೈದು ಎಂದು ನಾನೇ ಮಾಡಿಕೊಟ್ಟ ಬಾಣ ಅದು. ಅಣ್ಣನನ್ನು ಕರೆದು ತೋರಿಸಿದೆ.

"ಹನ್ನೆರಡು ವರ್ಷ ಒಣಗಿದ ಮರ ಕಣೇ ಪುಟ್ಟಿ. ಗಡುಸಾಗದೆ ಇರುತ್ತಾ?" ಎಂದ.

ಹೌದಲ್ಲ ಅನ್ನಿಸಿತು. ಐವತ್ತನಾಲ್ಕು ವರ್ಷವಾದರೂ ನನ್ನನ್ನು ಪುಟ್ಟಿ ಎನ್ನುವವನು ಅವನೊಬ್ಬನೇ. ಅವನು ಹೇಳಿದ ಮೇಲೆ ನನಗೆ ಮಾತು ಮುಗಿದ ಹಾಗೆ.

ಡಾಕ್ಟರ ಬಿಲ್ಲಿನ ಎಳೆತ ಏರಿರಬಹುದೇ ಎಂದೂ ಕೇಳಿದೆ. ಅವನು ಆ ಬಿಲ್ಲನ್ನೂ ತರಿಸಿ ಗೋಡೆಯ ರಾಟೆಗೆ ಹಾಕಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು, "ನೀನೇ ಓದು," ಎಂದ. ನಲವತ್ತೈದು. ಬಿಲ್ಲನ್ನು ನಾನು ಮುಟ್ಟಲಿಲ್ಲ. ಬಿಲ್ಲು ಮಾಡುವವನು ಬಾಣದ ಸಾಮಾನು ಮುಟ್ಟಬಾರದು, ಬಾಣ ಮಾಡುವವಳು ಬಿಲ್ಲು ಮುಟ್ಟಬಾರದು ಎಂಬುದು ಅಪ್ಪನ ಕಾಲದ ಕಟ್ಟು. ಅವನು ಬಿಲ್ಲಿನ ಹಿಡಿಯ ಪಕ್ಕ ಪೆನ್ಸಿಲಿನಲ್ಲಿ ಎಳೆತದ ಅಂಕಿ ಬರೆಯುತ್ತಾನೆ, ನಾನು ಅದನ್ನು ಓದಿ ಅದಕ್ಕೆ ತಕ್ಕ ಬಾಣ ಮಾಡುತ್ತೇನೆ. ಒಬ್ಬರ ಅಂಕಿಯನ್ನು ಇನ್ನೊಬ್ಬರು ಪ್ರಶ್ನೆ ಮಾಡಿದ್ದಿಲ್ಲ. ನಮ್ಮ ಅಂಗಡಿ ನಡೆದುಬಂದದ್ದೇ ಹಾಗೆ.

ಗುಂಡನ್ನು ಒರೆಸಿ ಇಟ್ಟೆ. ಅದರ ತಳಕ್ಕೆ ಹೋದ ವರ್ಷ ಅಣ್ಣನೇ ಹಸಿರು ಬಟ್ಟೆ ಅಂಟಿಸಿಕೊಟ್ಟಿದ್ದಾನೆ, ಮೇಜಿಗೆ ಗೀರು ಬೀಳಬಾರದು ಅಂತ. ಇಂಥ ನಾಜೂಕೆಲ್ಲ ಅವನಿಗೆ ಹೊಳೆಯುವುದು ಅಪರೂಪ. ಆವತ್ತು ಅತ್ತಿಗೆಗೆ, ಡಾಕ್ಟರಿಗೆ, ಪೋಸ್ಟಿನವನಿಗೆ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ್ದೆ.

ಫೆಬ್ರವರಿ 11, ಮಂಗಳವಾರ

ನನ್ನ ಹೆಬ್ಬೆರಳು ಸುಳ್ಳು ಹೇಳುತ್ತಿದೆ.

ಸ್ಟ್ಯಾಂಡಿಗೆ ಹಾಕುವ ಮುಂಚೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡುವುದು ನನಗೆ ಮೊದಲಿಂದಲೂ ಇರುವ ಅಭ್ಯಾಸ. ಇವತ್ತು ಒತ್ತಿ ನೋಡಿದ ಕಡ್ಡಿ ನಲವತ್ತು ಅನ್ನಿಸಿತು. ಮುಳ್ಳು ನಲವತ್ತೈದು ಎಂದಿತು. ಇನ್ನೊಂದು, ಮತ್ತೊಂದು, ಎಲ್ಲದರಲ್ಲೂ ಅದೇ ಐದರ ಅಂತರ. ಯಾವುದನ್ನು ನಂಬುವುದು? ಹಿತ್ತಾಳೆಗೆ ವಯಸ್ಸಾಗುವುದಿಲ್ಲ. ನನಗೆ ಆಗಿದೆ.

ಅಣ್ಣನ ಹೊಸ ಬಿಲ್ಲಿಗೆ ಮಾಡಿದ ಆರು ಬಾಣಗಳನ್ನು ಹಿತ್ತಲ ಓಣಿಯಲ್ಲಿ ಗರಿ ಅಂಟಿಸದೆಯೇ ಬಿಟ್ಟು ನೋಡಿದೆವು. ಗರಿ ಇದ್ದರೆ ಕಡ್ಡಿಯ ತಪ್ಪು ಅರ್ಧಕ್ಕರ್ಧ ಮುಚ್ಚಿಹೋಗುತ್ತದೆ, ಬೋಳು ಕಡ್ಡಿಗೆ ನಾಟಕ ಬರುವುದಿಲ್ಲ. ಆರೂ ನೆಟ್ಟಗೆ ಹೋದವು. "ನೋಡು, ಸುಮ್ಸುಮ್ನೆ ತಲೆ ಕೆಡಿಸ್ಕೋತೀಯ," ಎಂದು ಅಣ್ಣ ಬೆನ್ನು ತಟ್ಟಿದ. ಹೊಸ ಬಿಲ್ಲಿಗೆ ಸರಿಹೋಗುವ ನನ್ನ ಕೈ ಹಳೆಯ ಬಿಲ್ಲಿಗೆ ಯಾಕೆ ಆಗುವುದಿಲ್ಲವೋ ತಿಳಿಯದು.

ಫೆಬ್ರವರಿ 19, ಬುಧವಾರ

ಬಿಲ್ಲುಗಾರಿಕೆ ಕ್ಲಬ್ಬಿನ ಕೋಚ್ ಮೇಡಂ ಬಂದಿದ್ದರು. ಅವರ ಬಳಿ ನಮ್ಮ ಬಿಲ್ಲು ಹತ್ತಿವೆ, ಆರು ಹಳೆಯವು, ನಾಲ್ಕು ಹೋದ ವರ್ಷದವು. ಸ್ಪರ್ಧೆ ಏಪ್ರಿಲ್ ಇಪ್ಪತ್ತಕ್ಕೆ. ನಾಲ್ಕು ಹೊಸ ಬಿಲ್ಲಿಗೆ ನನ್ನ ಬಾಣ ಚೆನ್ನಾಗಿ ಹೋಗುತ್ತದಂತೆ. ಆರು ಹಳೆಯವಕ್ಕೆ ಎಲ್ಲವೂ ಬಲಕ್ಕೆ. ಒಬ್ಬ ಹುಡುಗಿ ಗುರಿ ತಪ್ಪಿ ತಪ್ಪಿ ಬೇಸತ್ತು, ತನಗೇ ಬರುವುದಿಲ್ಲ ಎಂದು ಕ್ಲಬ್ ಬಿಟ್ಟುಬಿಟ್ಟಳಂತೆ.

ಆ ಹುಡುಗಿಯ ವಿಷಯ ಕೇಳಿ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಕೈಯ ತಪ್ಪಿಗೆ ಅವಳು ತನ್ನ ಕೈಯನ್ನು ದೂರಿಕೊಂಡು ಹೋದಳು.

ಮೇಡಂ ಹೋದ ಮೇಲೆ ಅಣ್ಣ ಕೈಯ ಹೊಟ್ಟು ಕೊಡವಿಕೊಂಡ. ಆಮೇಲೆ, "ಹಳೇ ಬಿಲ್ಲುಗಳ ಸ್ವಭಾವನೇ ಹಾಗೆ. ಯಾವತ್ತು ಹೇಗಿರುತ್ವೋ ಗೊತ್ತಾಗಲ್ಲ," ಎಂದ. ಸಮಾಧಾನಕ್ಕೆ ಹೇಳಿದ್ದು. ಅವನು ಕೆಲಸದ ಮಣೆಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದಾನೆ. ಪಾರ್ಸೆಲ್ಲಿನ ವಿಳಾಸ ನನ್ನಿಂದಲೇ ಓದಿಸುತ್ತಾನೆ. ಕನ್ನಡಕ ಹಾಕ್ಕೊಳ್ಳೋ ಎಂದರೆ, ಬಿಲ್ಲು ಮಾಡುವವನು ಕನ್ನಡಕ ಹಾಕಿದರೆ ಯಾರು ಕೊಳ್ಳುತ್ತಾರೆ ಎನ್ನುತ್ತಾನೆ. ಜಂಭ ಒಂದು ಕಡಿಮೆಯಿಲ್ಲ.

ಫೆಬ್ರವರಿ 26, ಬುಧವಾರ

ನರದ ಡಾಕ್ಟರ ಹತ್ತಿರ ಹೋಗಿ ಬಂದೆ. ಅಣ್ಣ ಬಸ್ ಸ್ಟಾಪಿನ ತನಕ ಬಂದು ಬಿಟ್ಟುಹೋದ. ಸೂಜಿ ಚುಚ್ಚಿದರು, ಹತ್ತಿ ಸವರಿದರು, ಕಣ್ಣು ಮುಚ್ಚಿಸಿ ನಾಣ್ಯ ಕೊಟ್ಟು ಯಾವುದೆಂದು ಕೇಳಿದರು. ಎಲ್ಲ ಸರಿ ಹೇಳಿದೆ. "ನಿಮ್ಮ ಬೆರಳು ನನ್ನ ಬೆರಳಿಗಿಂತ ಚುರುಕಾಗಿವೆ," ಎಂದರು. ಹಾಗಾದರೆ ಕೆಟ್ಟಿರುವುದು ತಲೆ ಇರಬೇಕು. ಅದಕ್ಕೆ ಬೇರೆ ಡಾಕ್ಟರು ಬೇಕೇನೋ.

ಮಾರ್ಚ್ 1, ಶನಿವಾರ

ಕ್ಲಬ್ಬಿಗೆ ಗರಿ ಕೊಡಲು ಹೋಗಿದ್ದೆ. ಕೋಚ್ ಮೇಡಂ ಮುಜುಗರಪಡುತ್ತಲೇ ಹೇಳಿದರು, "ನಿಮ್ಮಣ್ಣ ಫೋನ್ ಮಾಡಿದ್ರು. ಹಳೇ ಬಿಲ್ಲುಗಳಿಗೆ ಕಾರ್ಖಾನೆ ಬಾಣ ತರಿಸ್ಕೊಳ್ಳಿ, ತಂಗಿಗೆ ಈಗ ಮುಂಚಿನ ಹಾಗೆ ಆಗಲ್ಲ ಅಂದ್ರು. ನಿಮಗೂ ಹೇಳಿದ್ದಾರೆ ಅನ್ಕೊಂಡೆ."

ಹೇಳಿದ್ದಾನೆ ಎಂದು ಸುಳ್ಳು ಹೇಳಿ ಬಂದೆ. ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಅಳುವ ವಯಸ್ಸೇ ಇದು?

ಅವನು ಹೇಳಿದ್ದರಲ್ಲಿ ತಪ್ಪೇನಿದೆ ಅಂತಲೂ ಅನ್ನಿಸುತ್ತದೆ. ಆದರೆ ನನ್ನ ಬೆನ್ನ ಹಿಂದೆ ಯಾಕೆ ಹೇಳಬೇಕಿತ್ತು? ನನ್ನ ಮುಂದೆ ಹೇಳಿದ್ದರೆ ನಾನೇನು ಅವನನ್ನು ಕಚ್ಚುತ್ತಿದ್ದೆನೇ?

ಮಾರ್ಚ್ 2, ಭಾನುವಾರ

ಕೇಳಿದೆ. "ನಿನ್ನ ಮರ್ಯಾದೆ ಉಳೀಲಿ ಅಂತಾನೇ ಹೇಳಿದ್ದು," ಎಂದ. ಆಮೇಲೆ ಮೆಲ್ಲಗೆ, "ನೀನು ಗರಿ ಕೆಲಸ ನೋಡ್ಕೋ ಪುಟ್ಟಿ. ಸ್ಟ್ಯಾಂಡು ನನಗೆ ಕೊಡು. ಕಡ್ಡಿ ಆರಿಸೋದು ನಾನೇ ಮಾಡ್ತೀನಿ," ಎಂದ.

ಯೋಚನೆ ಮಾಡುತ್ತೇನೆ ಎಂದೆ.

ಮಾರ್ಚ್ 8, ಶನಿವಾರ

ವಾರವೆಲ್ಲ ಗರಿ ಅಂಟಿಸಿದೆ. ಗರಿ ಕತ್ತರಿಸು, ಗೋಂದು ಹಚ್ಚು, ನೂಲು ಸುತ್ತು. ತಪ್ಪಾಗುವಂಥದ್ದೇನೂ ಇಲ್ಲ. ಅದಕ್ಕೇ ನನಗೆ ಕೊಟ್ಟಿರುವುದು.

ಮದುವೆಯ ಮಾತು ಬಂದಾಗಲೆಲ್ಲ ನನಗೆ ಕೆಲಸ ಇದೆ ಎಂದು ತಳ್ಳಿಹಾಕಿದವಳು ನಾನು. ಆ ಕೆಲಸ ಅಂದರೆ ಈ ಸ್ಟ್ಯಾಂಡು. ಅಪ್ಪ ಕೊನೆಯ ಸಲ ಹಾಸಿಗೆ ಹಿಡಿದಾಗ ಬಿಲ್ಲಿನ ಉಳಿಗಳನ್ನು ಅಣ್ಣನಿಗೂ, ಸ್ಟ್ಯಾಂಡು ಮತ್ತು ಗುಂಡನ್ನು ನನಗೂ ಕೊಟ್ಟು, "ಎರಡು ಪೌಂಡಂದ್ರೆ ಒಂಬೈನೂರ ಏಳು ಗ್ರಾಂ, ಮರೀಬೇಡ," ಎಂದಿದ್ದರು. ಬೇರೆ ಅಪ್ಪಂದಿರು ಸಾಯುವಾಗ ಇನ್ನೇನಾದರೂ ಹೇಳುತ್ತಾರೇನೋ.

ಮುಂದಿನ ವಾರ ಕೊಟ್ಟುಬಿಡುತ್ತೇನೆ. ಕೊಡುವುದನ್ನು ಚೊಕ್ಕಟವಾಗಿ ಕೊಡಬೇಕು. ಗೂಟಗಳಿಗೆ ಎಣ್ಣೆ, ಮುಳ್ಳಿಗೆ ಹೊಸ ಮೊಳೆ, ಗುಂಡಿಗೆ ಪಾಲಿಶ್.

ಮಾರ್ಚ್ 15, ಶನಿವಾರ

ಗುಂಡು ಉಜ್ಜುತ್ತಿದ್ದೆ. ಮೈಯೆಲ್ಲ ಹೊಳೆಯಿತು. ಹಸಿರು ಬಟ್ಟೆಯ ಅಂಚಿನಲ್ಲಿ ಮಾತ್ರ ಕಪ್ಪು ಕಟ್ಟಿತ್ತು. ಹೇಗೂ ಕೊಡುತ್ತಿದ್ದೇನಲ್ಲ, ಹೊಸ ಬಟ್ಟೆ ಅಂಟಿಸಿದರಾಯಿತು ಎಂದು ಬಿಸಿನೀರು ಹಾಕಿ ಕಿತ್ತೆ.

ತಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ದುಂಡನೆ ಗುರುತು ಇತ್ತು. ಹಿತ್ತಾಳೆಯದಲ್ಲ, ಕಂದು ಬಣ್ಣ. ಉಗುರು ಹಾಕಿದೆ, ಇಳಿಯಿತು. ಮೇಣ. ಹೊಲಿಗೆಯ ದಬ್ಬಳ ತಂದು ಕೆದಕಿದೆ. ಮೇಣ ಮತ್ತು ಮರದ ಹೊಟ್ಟು ಕಲಸಿದ ಉಂಡೆ ಉಂಡೆ ಹೊರಗೆ ಬಂತು. ನನ್ನ ಕಿರುಬೆರಳು ಎರಡನೇ ಗೆಣ್ಣಿನ ತನಕ ಒಳಗೆ ಹೋಯಿತು. ಅಷ್ಟು ಆಳಕ್ಕೆ ಕೊರೆದಿದೆ.

ಆ ಮೇಣ ನನಗೆ ಗೊತ್ತು. ಬಿಲ್ಲಿನ ಮರದಲ್ಲಿ ಸಣ್ಣ ಗಂಟಿನ ತೂತು ಬಂದರೆ ತುಂಬಲು ಅಣ್ಣನೇ ಕಲಸಿಕೊಳ್ಳುವುದು. ಈ ಊರಿನಲ್ಲಿ ಇನ್ನು ಯಾರೂ ಅದನ್ನು ಮಾಡುವುದಿಲ್ಲ.

ಕಿರಾಣಿ ಅಂಗಡಿಗೆ ಹೋಗಿ ತೂಗಿಸಿದೆ. ಕೆದಕಿ ತೆಗೆದ ಮೇಣವನ್ನೂ ಜೊತೆಗೇ ತಕ್ಕಡಿಗಿಟ್ಟೆ. ಎಂಟುನೂರ ಆರು ಗ್ರಾಂ. "ಏನಕ್ಕ, ನಿಮ್ಮ ಗುಂಡು ಡಯಟ್ ಮಾಡ್ತಿದೆಯಾ?" ಎಂದ ಅಂಗಡಿಯವನು. ನೂರ ಒಂದು ಗ್ರಾಂ ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕಲು ನನಗೆ ಕಾಗದ ಬೇಕಾಗಲಿಲ್ಲ. ಗುಂಡು ಹಗುರವಾದರೆ ಕಡ್ಡಿ ಕಡಿಮೆ ಬಾಗುತ್ತದೆ. ಕಡಿಮೆ ಬಾಗಿದರೆ ಮುಳ್ಳು ಬಿಗಿ ಎನ್ನುತ್ತದೆ. ನಲವತ್ತರ ಕಡ್ಡಿಯನ್ನು ನಲವತ್ತೈದು ಎನ್ನುತ್ತದೆ. ನನ್ನ ಹೆಬ್ಬೆರಳು ಹೇಳಿದ್ದೂ ಅದನ್ನೇ, ನಲವತ್ತು. ನಾನು ಹೆಬ್ಬೆರಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಹೋದ ವರ್ಷ ಜ್ವರದಿಂದ ಎದ್ದ ಮೇಲೆ ಗುಂಡು ಸ್ವಲ್ಪ ಹಗುರ ಅನ್ನಿಸಿತ್ತು. ಕೈಗೆ ಶಕ್ತಿ ಬಂತು ಎಂದು ಖುಷಿಪಟ್ಟಿದ್ದೆ.

ಬಟ್ಟೆ ಅಂಟಿಸಿದ್ದಕ್ಕೆ ಅವನಿಗೆ ಆವತ್ತು ಎರಡು ಸಲ ಕಾಫಿ ಮಾಡಿಕೊಟ್ಟೆ. ಇದು ಯಾಕೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದೆಯೋ.

ಮಾರ್ಚ್ 16, ಭಾನುವಾರ

ಅಣ್ಣ ಅತ್ತಿಗೆ ಅವರ ನೆಂಟರ ಮನೆಗೆ ಹೋದರು. ಅಪ್ಪನ ಕಟ್ಟು ಮುರಿದೆ. ಅವನು ನನ್ನ ಗುಂಡು ಮುಟ್ಟಿದ ಮೇಲೆ ಕಟ್ಟೆಲ್ಲಿ ಉಳಿಯಿತು.

ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಐದು ಹೊಸ ಬಿಲ್ಲುಗಳನ್ನು ಒಂದೊಂದಾಗಿ ರಾಟೆಗೆ ಹಾಕಿ ಎಳೆದೆ. ಐದರ ಮೇಲೂ ಅವನ ಕೈಬರಹ, ನಲವತ್ತೈದು. ತಕ್ಕಡಿ ಹೇಳಿದ್ದು ನಲವತ್ತು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು, ನಲವತ್ತು. ಬಿಲ್ಲಿನ ಎಡತೋಳುಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಮರ ಕೆರೆದಿದ್ದಾನೆ, ಅದನ್ನು ಸರಿದೂಗಿಸಲು ಬಲತೋಳನ್ನೂ ಕೆರೆದಿದ್ದಾನೆ. ಎರಡು ತೋಳೂ ಒಂದೇ ಸಮ ಬಾಗುತ್ತಿವೆಯೇ ಎಂದು ದೂರದಿಂದ ಕಣ್ಣಿಟ್ಟು ನೋಡಿ ಕೆರೆಯುವವನು ಅವನು. ಈಗ ಕಾಣುತ್ತಿಲ್ಲ.

ಅಂದರೆ ಇಷ್ಟೇ. ಅವನ ಬಿಲ್ಲು ಇಳಿಯಿತು. ಅದಕ್ಕೆ ನನ್ನ ಸರಿಯಾದ ಬಾಣ ಹಾಕಿದರೆ ಎಡಕ್ಕೆ ಹೋಗಿ ಅವನ ಬಣ್ಣ ಬಯಲಾಗುತ್ತಿತ್ತು. ಆದ್ದರಿಂದ ನನ್ನ ಗುಂಡನ್ನು ಕೊರೆದು ನನ್ನ ಬಾಣವನ್ನೂ ಅಷ್ಟೇ ಇಳಿಸಿದ. ಹೊಸ ಬಿಲ್ಲಿಗೆ ಹೊಸ ಬಾಣ ಸರಿಹೋಯಿತು. ಹಳೆಯ ಬಿಲ್ಲಿಟ್ಟುಕೊಂಡವರು ಹಳೆಯ ನಂಬಿಕೆಯಿಂದ ನನ್ನ ಹತ್ತಿರ ಬರುತ್ತಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದ ಮೇಲೆ ನನ್ನನ್ನೇ ಬಿಟ್ಟುಕೊಟ್ಟ.

ಮಾರ್ಚ್ 18, ಮಂಗಳವಾರ

ಊಟಕ್ಕೆ ಕರೆದಾಗ ತಲೆನೋವು ಎಂದೆ. ನಿಜಕ್ಕೂ ಇದೆ.

ಮಾರ್ಚ್ 20, ಗುರುವಾರ

ಬೆಳಗ್ಗೆ ಹತ್ತಕ್ಕೆ, ಕಿಟಕಿಯಿಂದ ಬಿಸಿಲು ಅವನ ಮಣೆಯ ಮೇಲೆ ಬೀಳುವ ಹೊತ್ತಿಗೆ, ಗುಂಡನ್ನು ತಲೆಕೆಳಗು ಮಾಡಿ ಅವನ ಮುಂದೆ ಇಟ್ಟೆ.

"ಏನದು?" ಎಂದ.

"ಬೆರಳು ಹಾಕಿ ನೋಡು. ಕಣ್ಣು ಬೇಡ."

ಬೆರಳು ಹಾಕಿದ. ತೆಗೆಯಲಿಲ್ಲ. "ಯಾವಾಗ ನೋಡ್ದೆ?" ಎಂದ.

"ಯಾವಾಗ ಕೊರೆದೆ, ಅದು ಹೇಳು."

"ಹೋದ ವರ್ಷ. ನೀನು ಜ್ವರದಲ್ಲಿ ಮಲಗಿದ್ದೆಯಲ್ಲ, ಆವಾಗ."

ಆ ಜ್ವರದಲ್ಲಿ ಅವನು ದಿನಕ್ಕೆ ಮೂರು ಸಲ ಮಹಡಿ ಹತ್ತಿ ಬಂದು ಹಣೆ ಮುಟ್ಟಿ ನೋಡಿ, ಮಾತ್ರೆ ನುಂಗಿಸಿ ಹೋಗುತ್ತಿದ್ದ. ಹೋಗಿ ಕೆಳಗೆ ಕೂತು ಇದನ್ನು ಕೊರೆಯುತ್ತಿದ್ದ. ಎರಡನ್ನೂ ಒಬ್ಬನೇ ಮಾಡಿದ್ದು ಎಂದು ನನ್ನ ತಲೆಗೆ ಹೋಗುತ್ತಲೇ ಇಲ್ಲ.

ಅವನೇ ಹೇಳಿದ. ಕನ್ನಡಕದಿಂದ ಸರಿಹೋಗುವುದಲ್ಲವಂತೆ. ಎರಡು ವರ್ಷದಿಂದ ನೋಟದ ನಡುವೆಯೇ ಒಂದು ಮಬ್ಬು, ಅಂಚಿನಲ್ಲಿ ಕಾಣುತ್ತದೆ, ನೋಡಬೇಕೆಂದ ಕಡೆ ಕಾಣುವುದಿಲ್ಲ. ಮೊದಲು ನಾಲ್ಕು ಜನ ಬಾಣ ಎಡಕ್ಕೆ ಹೋಗುತ್ತದೆ ಎಂದು ಬಂದಿದ್ದರಂತೆ. ನನಗೆ ತಿಳಿಸದೆ ಬಾಣ ಹೆಚ್ಚು ಬಳುಕಲೆಂದು ಭಾರದ ಮೊನೆ ಹಾಕಿ ಸಾಗಹಾಕಿದನಂತೆ. ಎಷ್ಟು ದಿನ ಹಾಗೆ ಮಾಡುವುದು ಎಂದು ಗುಂಡಿಗೆ ಕೈ ಹಾಕಿದನಂತೆ.

"ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಮೆದು ಬಾಣ ಮಾಡಿಕೊಡ್ತಿದ್ದೆ."

"ಅದನ್ನೇ ತಾನೇ ನಾನೂ ಮಾಡಿಸಿದ್ದು."

ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನ್ನಿಸಿತು. ಕೈಗೆ ಸಿಕ್ಕಿದ್ದು ಗುಂಡು. ಎಸೆಯಲಿಲ್ಲ.

"ನರದ ಡಾಕ್ಟರ ಹತ್ರ ಹೋದೆನಲ್ಲ. ಬಸ್ ಸ್ಟಾಪ್ ತನಕ ನೀನೂ ಬಂದೆ. ಬಸ್ಸು ಇಪ್ಪತ್ತು ನಿಮಿಷ ತಡ ಇತ್ತು. ಪಕ್ಕದಲ್ಲೇ ನಿಂತಿದ್ದೆ. ಆವಾಗಾದ್ರೂ ಬಾಯಿ ಬಿಡಬಹುದಿತ್ತು."

ಅವನು ಕೆರೆಯುವ ತಗಡನ್ನು ಒರೆಸಿದ, ಮತ್ತೆ ಒರೆಸಿದ. "ಬಿಡಬಹುದಿತ್ತು," ಎಂದ.

"ತಂಗಿಗೆ ಆಗಲ್ಲ ಅಂತ ಮೇಡಂಗೆ ಹೇಳೋವಾಗ ನಾಲಿಗೆ ಹೇಗೆ ಬಂತು?"

ಅವನು ನೆಲದ ಮೇಲಿನ ಹೊಟ್ಟನ್ನು ಕಾಲಿನಿಂದ ಒಟ್ಟುಮಾಡುತ್ತ ಕೂತ. ಅರವತ್ತೊಂದು ವರ್ಷದ ಅಣ್ಣ ಅಳುವುದನ್ನು ನೋಡಲು ನನಗೆ ಇಷ್ಟವಿರಲಿಲ್ಲ, ಎದ್ದು ಬಂದೆ. ಕನಿಕರ ಬಂತೇ ಎಂದರೆ, ಬಂತು. ಅದರಿಂದ ಸಿಟ್ಟೇನೂ ಇಳಿಯಲಿಲ್ಲ. ಹೋಗುವಾಗ ಇಷ್ಟು ಹೇಳಿದೆ, "ಶನಿವಾರ ಮೇಡಂ ಬರ್ತಾರೆ. ನೀನು ಹೇಳ್ತೀಯೋ, ನಾನು ಹೇಳಲೋ?"

ಮಾರ್ಚ್ 22, ಶನಿವಾರ

ಅತ್ತಿಗೆ ಬೆಳಗ್ಗೆಯೇ ಅಡುಗೆಮನೆಯಲ್ಲಿ ಹಿಡಿದುಕೊಂಡಳು. "ಕಣ್ಣಿಂದು ನಂಗೆ ಗೊತ್ತಿತ್ತು ಕಣೇ. ಗುಂಡಿಂದು ಗೊತ್ತಿರ್ಲಿಲ್ಲ. ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ."

"ಕಣ್ಣಿಂದಾದ್ರೂ ನೀನು ಹೇಳ್ಬಹುದಿತ್ತು."

"ಆಣೆ ಹಾಕಿಸ್ಕೊಂಡಿದ್ರು."

ಈ ಮನೆಯಲ್ಲಿ ನನಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ.

ಕೋಚ್ ಮೇಡಂ ಬಂದು ಕೂತರು. ಅಣ್ಣ ಒಂದು ಬಿಲ್ಲು ತೆಗೆದು ಹಿಡಿಯ ಪಕ್ಕದ ಅಂಕಿಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ. "ಮೇಡಂ, ಇವು ನಲವತ್ತು. ನಿಮಗೆ ಕೊಟ್ಟ ನಾಲ್ಕೂ ಅಷ್ಟೇ. ನಲವತ್ತೈದು ಅಂತ ಬರೆದಿದ್ದು ಸುಳ್ಳು. ನಿಮ್ಮ ಹಳೇ ಬಿಲ್ಲುಗಳು ನಿಜವಾದ ನಲವತ್ತೈದು. ಬಾಣ ಈ ನಲವತ್ತಕ್ಕೆ ಹೊಂದಿಸಿದ್ದು, ಅದಕ್ಕೇ ಅವಕ್ಕೆ ಹೊಂದಲ್ಲ. ತಂಗಿ ತಪ್ಪಲ್ಲ." ಗುಂಡಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದು ಅವರಿಗೆ ಸಂಬಂಧಪಟ್ಟದ್ದಲ್ಲ.

ಮೇಡಂ ಅವನನ್ನೂ ನನ್ನನ್ನೂ ನೋಡಿ, "ಕಾರ್ಖಾನೆ ಬಾಣಕ್ಕೆ ಆರ್ಡರ್ ಕೊಟ್ಟಾಯ್ತಲ್ಲ," ಎಂದರು.

"ಇರಲಿ, ತರಿಸಿ. ಒಂದು ಡಜನ್ ನಾನು ಮಾಡಿಕೊಡ್ತೀನಿ. ಎರಡನ್ನೂ ಬಿಟ್ಟು ನೋಡಿ. ಆ ಕ್ಲಬ್ ಬಿಟ್ಟ ಹುಡುಗಿಯನ್ನ ಕರೀರಿ, ಅವಳೇ ಬಿಡಲಿ," ಎಂದೆ. ಎಲ್ಲಿತ್ತೋ ಅಷ್ಟು ಮಾತು.

ಮೇಡಂ ಒಪ್ಪಿದರು. ಏಪ್ರಿಲ್ ಹತ್ತರೊಳಗೆ ಕೊಡಬೇಕು.

ಏಪ್ರಿಲ್ 4, ಶುಕ್ರವಾರ

ಬಿಡುವಿಲ್ಲ. ಗುಂಡು ತೂತಾಗಿಯೇ ಕಪಾಟಿನಲ್ಲಿದೆ, ಸ್ಟ್ಯಾಂಡಿನ ಮೇಲೆ ಬಟ್ಟೆ ಹೊದಿಸಿದೆ. ನೂರಾ ಹತ್ತು ಕಡ್ಡಿ ಒತ್ತಿ ನೋಡಿ ಮೂವತ್ತು ಆರಿಸಿದೆ. ಅದರಲ್ಲಿ ಉಪ್ಪುಕಾಗದ ಹಾಕಿ ಉಜ್ಜಿ ಹದಿನಾಲ್ಕು. ಡಾಕ್ಟರು ಊಟದ ವಿರಾಮದಲ್ಲಿ ಓಡಿಬಂದು 'ನಿಜವಾದ ನಲವತ್ತೈದನ್ನು' ಓಣಿಯಲ್ಲಿ ಹಿಡಿದು ನಿಂತು ಬೋಳು ಕಡ್ಡಿ ಬಿಟ್ಟರು. ಎರಡು ಅಲ್ಪಸ್ವಲ್ಪ ಎಡಕ್ಕೆ, ಹನ್ನೆರಡು ನಡುವಿಗೆ. ಎಡಕ್ಕೆ ಹೋದವನ್ನು ಇನ್ನೊಂದಿಷ್ಟು ಉಜ್ಜಿದೆ. "ನೋವಾಗ್ಲಿಲ್ಲ ತಾನೇ?" ಎಂದು ಕೇಳಿದರು, ಹಲ್ಲು ಕಿತ್ತ ಮೇಲೆ ಕೇಳುವ ಹಾಗೆ.

ಮಧ್ಯಾಹ್ನ ಅಣ್ಣ ಹೊಸ ಬಿಲ್ಲು ಕೆರೆಯುತ್ತಿದ್ದ. ಹಿಂದೆ ಹೋಗಿ ನಿಂತು, "ಎಡತೋಳು ಸಾಕು. ಅಲ್ಲೇ ನಿಲ್ಲಿಸು," ಎಂದೆ. ನಿಲ್ಲಿಸಿದ. ರಾಟೆಗೆ ಹಾಕಿ ನಾನೇ ಎಳೆದೆ. ನಲವತ್ತಾರು. ಅಂಕಿ ನಾನೇ ಬರೆದೆ, ಅವನ ಪೆನ್ಸಿಲು ಎಲ್ಲಿತ್ತೋ ಸಿಗಲಿಲ್ಲ. ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಏಪ್ರಿಲ್ 10, ಗುರುವಾರ

ಕೊಟ್ಟು ಬಂದೆ. ಆ ಹುಡುಗಿ ಬಂದಿದ್ದಳು. ಮುಖ ಗಂಟಿಕ್ಕಿಕೊಂಡು ಮೂರು ಬಿಟ್ಟಳು. ಮೂರೂ ಗುರಿಯ ನಡುವಿನ ಹಳದಿಯಲ್ಲಿ. ನಾಲ್ಕನೆಯದನ್ನು ಬಿಡುವ ಮುಂಚೆ ತಿರುಗಿ ನನ್ನನ್ನು ನೋಡಿದಳು. ಆರು ಬಿಲ್ಲಿಗೂ ನನ್ನದೇ ಇರಲಿ ಎಂದರು ಮೇಡಂ. ಕಾರ್ಖಾನೆಯವು ಅಭ್ಯಾಸಕ್ಕಂತೆ.

ಸಂತೋಷವಾಗಬೇಕಿತ್ತು, ಆಯಿತು. ಹೇಳಿಕೊಳ್ಳಲು ಮನೆಗೆ ಬಂದರೆ ಹೇಳಬೇಕಾದವನು ಅವನು.

ಏಪ್ರಿಲ್ 14, ಸೋಮವಾರ

ಬೆಳಗ್ಗೆ ಅಂಗಡಿ ತೆರೆದಾಗ ಗುಂಡು ನನ್ನ ಮೇಜಿನ ಮೇಲಿತ್ತು. ತೂತಿಗೆ ಸೀಸ ಕಾಯಿಸಿ ಹೊಯ್ದು, ತೂಕ ಕೂಡುವ ತನಕ ಅರದಿಂದ ಉಜ್ಜಿದ್ದಾನೆ. ಮೇಲೆ ಬಟ್ಟೆ ಗಿಟ್ಟೆ ಏನೂ ಇಲ್ಲ, ಹಿತ್ತಾಳೆಯ ನಡುವೆ ಬೂದುಬಣ್ಣದ ದುಂಡು ಮಚ್ಚೆ ಎದ್ದು ಕಾಣುತ್ತದೆ. ಕೆಳಗೆ ಒಂದು ಚೀಟಿ, ದಪ್ಪ ದಪ್ಪ ಅಕ್ಷರದಲ್ಲಿ, ಸಾಲು ಓರೆಯಾಗಿ: ಒಂಬೈನೂರ ಏಳು.

ಅವನು ಬಾಗಿಲ ಹತ್ತಿರ ನಿಂತಿದ್ದ. "ಸರಿಯಾಗಿದೆ ಪುಟ್ಟಿ. ನಾಲ್ಕು ಸಲ ತೂಗಿಸಿದೆ," ಎಂದ.

"ಸರಿ," ಎಂದೆ.

ನಾನು ಇನ್ನೇನಾದರೂ ಹೇಳುತ್ತೇನೆಂದು ಅವನು ಕಾದ. ನಾನು ಕೈಯಲ್ಲಿದ್ದ ಕಡ್ಡಿಯನ್ನು ಒತ್ತಿ ನೋಡಿ ನಲವತ್ತೈದರ ಕಟ್ಟಿಗೆ ಹಾಕಿದೆ. ಅವನು ಮಣೆಗೆ ಹೋಗಿ ಕೂತ. ತಗಡು ಮರದ ಮೇಲೆ ಓಡಲು ಶುರುವಾದ ಮೇಲೆ ಗುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಕಿರಾಣಿ ಅಂಗಡಿಗೆ ಹೋದೆ.

ಒಂಬೈನೂರ ಏಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಏಪ್ರಿಲ್ 17, ಗುರುವಾರ

ಇವತ್ತೂ ತೂಗಿಸಿದೆ. ನಾಲ್ಕನೇ ದಿನ.

"ದಿನಾ ತೂಗಿಸಿದ್ರೆ ಬೆಳೆಯುತ್ತಾ ಅಕ್ಕ ಅದು?" ಎಂದು ಅಂಗಡಿಯವನು ನಕ್ಕ.

"ಬೆಳೆಯೋದು ಬೇಡಪ್ಪ. ಕಮ್ಮಿ ಆಗದೆ ಇದ್ರೆ ಸಾಕು," ಎಂದೆ.